ಅಪ್ಪಂದಿರನ್ನು ಶಾಲೆಗೆ ಕರೆಯುವ ರೀತಿ ಬದಲಾಗಲಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಇಲಾಖೆಯ ಆಯುಕ್ತರಿಗೆ,

ನಮಸ್ಕಾರಗಳು.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನನ್ನ ಸೇವೆಯ ಹೆಚ್ಚು ಕಾಲ ಕಳೆದದ್ದು ತಿಪಟೂರು, ಅರಸೀಕೆರೆ ಸುತ್ತಿನ ಹಳ್ಳಿಗಳಲ್ಲಿ. ನಿಮ್ಮ ಮೇಜಿನ ಮೇಲೆ ಬೇಡಿಕೆಗಳ ರಾಶಿಯೇ ಇರುತ್ತದೆ ಅಂತ ಗೊತ್ತು. ಕಟ್ಟಡ, ಶೌಚಾಲಯ, ಖಾಲಿ ಹುದ್ದೆ ಎಲ್ಲವೂ ಆಗಬೇಕಾದದ್ದೇ. ನಾನು ಕೇಳುವುದು ಬೇರೆ. ಹೈಸ್ಕೂಲು ಮತ್ತು ಪಿಯು ಮಕ್ಕಳ ಅಪ್ಪಂದಿರನ್ನು ನಮ್ಮ ಶಾಲೆಗಳು ಕರೆಯುವ ರೀತಿ ಬದಲಾಗಬೇಕು. ಇದಕ್ಕೆ ದುಡ್ಡು ಜಾಸ್ತಿ ಬೇಡ. ಹದಿಹರೆಯದ ಮಕ್ಕಳ ಮನಸ್ಸಿಗೆ ಇದರಿಂದ ಆಗುವ ಅನುಕೂಲ ಮಾತ್ರ ದೊಡ್ಡದು.

"ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ." ಈ ಮಾತಿನ ಅರ್ಥ ನಮ್ಮಲ್ಲಿ ಶಾಲೆಗೆ ಹೋದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಜಗಳ ಆಡಿದರೆ, ಮೊಬೈಲ್ ತಂದರೆ, ಮೂರು ದಿನ ಗೈರುಹಾಜರಾದರೆ, ಕಿರುಪರೀಕ್ಷೆಯಲ್ಲಿ ಅಂಕ ಬಿದ್ದುಹೋದರೆ ಇದೇ ಮಾತು. ಮನೆಗೆ ಹೋದರೆ ಅಮ್ಮನದೂ ಅದೇ ರಾಗ: "ಸಾಯಂಕಾಲ ಅಪ್ಪ ಬರ್ಲಿ, ತಾಳು, ಹೇಳ್ತೀನಿ." ಹೀಗೆ ಶಾಲೆಯೂ ಮನೆಯೂ ಸೇರಿ ಅಪ್ಪನನ್ನು ಹೆದರಿಸಲು ಇಟ್ಟುಕೊಂಡಿವೆ. ಅಪ್ಪನನ್ನು ಯಾರೂ ಈ ಕೆಲಸ ಮಾಡುತ್ತೀಯಾ ಅಂತ ಕೇಳಿಲ್ಲ. ಆದರೆ ಹದಿನಾಲ್ಕು ಹದಿನೈದು ವರ್ಷ ಹೀಗೇ ಬೆಳೆದ ಹುಡುಗ ನಿಜವಾಗಿ ಕಂಗೆಟ್ಟ ದಿನ ಆ ಅಪ್ಪನ ಹತ್ತಿರ ಹೋಗಿ ಕೂರುತ್ತಾನಾ?

ಕಂಗೆಡುವ ಮಕ್ಕಳು ಎಲ್ಲೋ ಒಬ್ಬರು ಇಬ್ಬರು ಇರಬಹುದು ಅಂದುಕೊಂಡರೆ ತಪ್ಪು. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೂ ಮಾನಸಿಕ ತೊಂದರೆ ಇತ್ತು. ಅರವತ್ತು ಮಕ್ಕಳಿರುವ ಒಂದು ಹತ್ತನೇ ತರಗತಿಯಲ್ಲಿ ನಾಲ್ವರು ಅಂತ ಲೆಕ್ಕ ಹಾಕಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಫಲಿತಾಂಶದ ವಾರ ಪತ್ರಿಕೆ ಓದುವ ನಮಗೆ ಇದೆಲ್ಲ ಪರೀಕ್ಷೆಯಿಂದಲೇ ಆಗುತ್ತಿದೆ ಅನ್ನಿಸುತ್ತದೆ. ಅದೇ ವರದಿ ನೋಡಿ. 18 ವರ್ಷದೊಳಗಿನವರಲ್ಲಿ ಮೊದಲ ಕಾರಣವಾಗಿ ದಾಖಲಾಗಿರುವುದು ಕುಟುಂಬದ ಸಮಸ್ಯೆ. ಪರೀಕ್ಷೆಯಲ್ಲಿ ಫೇಲಾದದ್ದು ಅದಕ್ಕಿಂತ ತುಂಬಾ ಕೆಳಗಿದೆ. ಪೊಲೀಸರು 'ಕುಟುಂಬದ ಸಮಸ್ಯೆ' ಅಂತ ಬರೆಯುವ ಕಾಲಂನಲ್ಲಿ ಹತ್ತಾರು ಥರದ ನೋವು ಸೇರಿರುತ್ತವೆ, ನಿಜ. ಆದರೂ ಮಗು ಮನೆಯೊಳಗೇ ಮಾತಾಡಲು ಯಾರೂ ಸಿಗದೆ ಒದ್ದಾಡುತ್ತಿದೆ ಅನ್ನುವುದನ್ನು ಆ ಕಾಲಂ ಹೇಳುತ್ತಿದೆ ಅಲ್ವಾ?

ಅಪ್ಪಂದಿರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಾನು ಕಂಡ ಹೆಚ್ಚಿನ ಅಪ್ಪಂದಿರು ಮಕ್ಕಳಿಗಾಗಿ ಮೈ ಮುರಿದು ದುಡಿಯುವವರು. ತೋಟದಲ್ಲಿ ಕಾಯಿ ಸುಲಿಯುವವರು, ಲಾರಿ ಓಡಿಸುವವರು, ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡಿ ವಾರಕ್ಕೊಮ್ಮೆ ಊರಿಗೆ ಬರುವವರು. ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಹೋದ ಅಪ್ಪಂದಿರಿದ್ದಾರೆ. ಕರಾವಳಿಯಲ್ಲಿ ಮಸ್ಕತ್ತಿನಿಂದಲೋ ದುಬೈಯಿಂದಲೋ ಫೋನಿನಲ್ಲೇ ಮಕ್ಕಳನ್ನು ಬೆಳೆಸಿದವರಿದ್ದಾರೆ. ಫೀಸು ಕಟ್ಟುವುದು, ಪುಸ್ತಕ ಕೊಡಿಸುವುದು, ಸೈಕಲ್ಲು ರಿಪೇರಿ ಮಾಡಿಸುವುದು, ಇಷ್ಟೇ ತಮ್ಮ ಪಾಲಿನ ಕೆಲಸ ಅಂತ ಅವರಿಗೆ ಅನ್ನಿಸಿದ್ದರೆ ಆಶ್ಚರ್ಯ ಏನು? ಅವರಪ್ಪನೂ ಅಷ್ಟೇ ಮಾಡಿದ್ದ. ಬೇರೆ ಏನಾದರೂ ಇದೆ ಅಂತ ಯಾರೂ ಅವರಿಗೆ ಹೇಳಿಲ್ಲ. ಹೇಳಬಹುದಾದ ಜಾಗ ಶಾಲೆ. ಆ ಶಾಲೆ ಅವರನ್ನು ಕರೆಯುವುದು ದೂರು ಹೇಳಲಿಕ್ಕೆ.

ನಮ್ಮ ಪೋಷಕರ ಸಭೆಗಳನ್ನೇ ನೋಡಿ. ಕೆಲಸದ ದಿನ, ಬೆಳಗ್ಗೆ ಹನ್ನೊಂದು ಗಂಟೆ. ಕೂಲಿಗೆ ಹೋಗುವವನು ಆ ಹೊತ್ತಿಗೆ ಬಂದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಬರುವವರು ಅಮ್ಮಂದಿರು, ಅಜ್ಜಿಯರು. ಅವರಿಗೂ ಕೆಲಸ ಇಲ್ಲ ಅಂತಲ್ಲ. ಮಕ್ಕಳ ವಿಷಯ ಅಂದರೆ ಅವರದ್ದೇ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೇವೆ. ಪ್ರಗತಿ ಪತ್ರದಲ್ಲಿ ಅಪ್ಪನ ಸಹಿ ಇರಬೇಕಾದ ಜಾಗದಲ್ಲಿ ಎಷ್ಟೋ ಸಲ ಅಣ್ಣನ ಸಹಿ ಇರುತ್ತಿತ್ತು, ಇನ್ನು ಕೆಲವು ಸಲ ಹುಡುಗನದೇ ಇರುತ್ತಿತ್ತು. ಸಭೆಯ ದಿನವನ್ನು ಊರಿನ ಸಂತೆ, ಕೊಬ್ಬರಿ ಹರಾಜು, ಬಿತ್ತನೆ, ಜಾತ್ರೆ ನೋಡಿಕೊಂಡು ಶಾಲಾಭಿವೃದ್ಧಿ ಸಮಿತಿಯವರೇ (ಎಸ್‌ಡಿಎಂಸಿ) ಗೊತ್ತು ಮಾಡಲಿ. ಭಾನುವಾರ ಸಾಯಂಕಾಲ ಆದರೆ ಬೆಂಗಳೂರಿಗೆ ಹೋಗಿ ಬರುವ ಅಪ್ಪನೂ ಸಿಗುತ್ತಾನೆ. ಭಾನುವಾರ ಬಂದ ಶಿಕ್ಷಕರಿಗೆ ಬದಲಿ ರಜೆ ಕೊಡಿ. ಅಷ್ಟಾದರೆ ಯಾರೂ ಬೇಡ ಅನ್ನುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಬ್ಬ ಮುಖ್ಯ ಶಿಕ್ಷಕರಿದ್ದರು. ಅವರದೊಂದು ಪದ್ಧತಿ. ಶಾಲೆ ಶುರುವಾದ ಮೊದಲ ಎರಡು ತಿಂಗಳಲ್ಲಿ ಒಂಬತ್ತು, ಹತ್ತನೇ ತರಗತಿಯ ಪ್ರತಿ ಮಗುವಿನ ಅಪ್ಪನಿಗೂ ಫೋನ್ ಮಾಡಿ, ಆ ಮಗುವಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು. ದೂರು ಇದ್ದರೆ ಆ ದಿನ ಹೇಳುತ್ತಿರಲಿಲ್ಲ. ಒಬ್ಬ ಲಾರಿ ಡ್ರೈವರ್‌ಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಆತ ಹೆದರಿ ಕೇಳಿದ್ದೇ "ಏನ್ ಮಾಡ್ದ ಸಾರ್?" ಅಂತ. "ಏನೂ ಮಾಡಿಲ್ಲ ಕಣಪ್ಪಾ. ಭಾರತದ ಭೂಪಟ ಬರೆದು ನೀನು ಹೋಗೋ ಊರನ್ನೆಲ್ಲ ಗುರುತು ಮಾಡಿದಾನೆ. ತರಗತಿಯಲ್ಲಿ ಇನ್ಯಾರಿಗೂ ಅಷ್ಟು ಊರು ಗೊತ್ತಿಲ್ಲ" ಅಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಆಮೇಲೆ ಆ ಅಪ್ಪ ದಾರಿಯಲ್ಲಿ ಲಾರಿ ನಿಲ್ಲಿಸಿದಾಗಲೆಲ್ಲ ಮಗನಿಗೆ ಫೋನ್ ಮಾಡಿ "ನಾನೀಗ ಎಲ್ಲಿದೀನಿ ಹೇಳು" ಅಂತ ಕೇಳಲು ಶುರು ಮಾಡಿದನಂತೆ. ನಾಸಿಕ್, ಇಂದೋರ್, ವಿಜಯವಾಡ. ಹುಡುಗ ಅದನ್ನು ತರಗತಿಯಲ್ಲಿ ಬಂದು ಹೇಳುತ್ತಿದ್ದ. ಆ ವರ್ಷ ದೀಪಾವಳಿ ಹೊತ್ತಿಗೆ, ಬಸ್ಸಿನಲ್ಲಿ ಕಾಲೇಜು ಹುಡುಗರು ತನ್ನನ್ನು ದಿನಾ ಹೊಡೆದು ದುಡ್ಡು ಕಿತ್ತುಕೊಳ್ಳುತ್ತಿದ್ದಾರೆ ಅಂತ ಆ ಹುಡುಗ ಮೊದಲು ಹೇಳಿದ್ದು ಅಪ್ಪನಿಗೇ. ನಮಗೆ ಗೊತ್ತಾದದ್ದು ಅಪ್ಪ ಶಾಲೆಗೆ ಬಂದಾಗ. ಒಂದು ಫೋನ್ ಕರೆಯಿಂದ ಎಲ್ಲವೂ ಆಯಿತು ಅಂತ ನಾನು ಹೇಳಲಾರೆ. ಆದರೆ ಆ ಬಾಗಿಲು ತೆರೆದದ್ದು ಅಲ್ಲಿಂದ.

ಇಂಥ ಪದ್ಧತಿಯನ್ನು ಒಬ್ಬ ಒಳ್ಳೆಯ ಮುಖ್ಯ ಶಿಕ್ಷಕರ ಮನಸ್ಸಿಗೆ ಬಿಡಬೇಡಿ. ಇಲಾಖೆಯಿಂದಲೇ ಬರಲಿ. ವರ್ಷದ ಮೊದಲ ಕರೆ ಅಪ್ಪನಿಗೆ, ಅದೂ ಒಳ್ಳೆಯ ಮಾತಿಗೆ. ಜೊತೆಗೆ ಇನ್ನೊಂದು ಮಾತೂ ಸ್ಪಷ್ಟವಾಗಿ ಬರಲಿ: ಅಪ್ಪನನ್ನು ಕರೆಸುವುದನ್ನು ಮಗುವಿಗೆ ಶಿಕ್ಷೆಯಾಗಿ ಬಳಸುವಂತಿಲ್ಲ.

ಹೆಣ್ಣುಮಕ್ಕಳ ವಿಷಯ ಸ್ವಲ್ಪ ವಿವರವಾಗಿ ಬರೆಯಬೇಕು. ಇದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಐದನೇ ತರಗತಿವರೆಗೆ ಅಪ್ಪನ ಹೆಗಲ ಮೇಲೆ ಕೂತು ಜಾತ್ರೆ ನೋಡಿದ ಹುಡುಗಿ ದೊಡ್ಡವಳಾದ ದಿನದಿಂದ ಅಪ್ಪನಿಗೆ ದೂರ ಆಗುತ್ತಾಳೆ. ಆರತಿ ಮಾಡುತ್ತಾರೆ, ಚಿಗಳಿ ತಂಬಿಟ್ಟು ತಿನ್ನಿಸುತ್ತಾರೆ, ನೆಂಟರೆಲ್ಲ ಬರುತ್ತಾರೆ. ಅಪ್ಪ ಖರ್ಚು ನೋಡಿಕೊಂಡು ಹೊರಗೆ ಜಗಲಿಯಲ್ಲಿ ಕೂತಿರುತ್ತಾನೆ. ಅಲ್ಲಿಂದ ಮುಂದೆ ಏನು ಮಾತಾಡಬೇಕು ಅಂತ ಅವನಿಗೆ ತಿಳಿಯುವುದಿಲ್ಲ. ಹೇಳಬೇಕಾದದ್ದನ್ನು ಹೆಂಡತಿ ಮೂಲಕ ಹೇಳುತ್ತಾನೆ: "ಅವಳಿಗೆ ಬೇಗ ಮನೆಗೆ ಬರೋಕೆ ಹೇಳು", "ಆ ಫೋನ್ ಇಡೋಕೆ ಹೇಳು." ಮಗಳಿಗೆ ಕೇಳಿಸುವುದು ಅಪ್ಪನ ಅನುಮಾನ ಮಾತ್ರ. ಅಪ್ಪನಿಗೆ ತನ್ನ ಮೇಲೆ ಪ್ರೀತಿ ಹೋಯಿತು ಅಂತಲೇ ಎಷ್ಟೋ ಹುಡುಗಿಯರು ತಿಳಿದಿರುತ್ತಾರೆ.

ನನ್ನ ತರಗತಿಯಲ್ಲಿ 'ನನ್ನ ಮನೆ' ಅಂತ ಪ್ರಬಂಧ ಬರೆಸಿದರೆ ಹುಡುಗಿಯರು ಅಮ್ಮನ ಬಗ್ಗೆ ಎರಡು ಪುಟ ಬರೆಯುತ್ತಿದ್ದರು. ಅಪ್ಪನ ಬಗ್ಗೆ ಒಂದೇ ಸಾಲು, "ನನ್ನ ತಂದೆ ಕೃಷಿಕರು." ಆ ಒಂದು ಸಾಲು ನನ್ನನ್ನು ತುಂಬಾ ಕಾಡಿದೆ. ಮಗಳ ಜೊತೆ ಮಾತಾಡಲು ಮುಟ್ಟಿನ ವಿಷಯವನ್ನೇ ತೆಗೆಯಬೇಕು ಅಂತೇನಿಲ್ಲ, ತೆಗೆದರೆ ತಪ್ಪೂ ಇಲ್ಲ. ಆ ದಿನ ಹೊಟ್ಟೆನೋವು ಅಂದರೆ ಬಿಸಿನೀರು ಕಾಯಿಸಿ ಕೊಟ್ಟ ಅಪ್ಪಂದಿರನ್ನೂ ನಾನು ನೋಡಿದ್ದೇನೆ. ಅಂಥ ಮನೆಯ ಹುಡುಗಿ ಯಾರೋ ಫೋಟೋ ಇಟ್ಟುಕೊಂಡು ಹೆದರಿಸಿದಾಗ ಅಪ್ಪನಿಗೆ ಹೇಳುವ ಧೈರ್ಯ ಮಾಡುತ್ತಾಳೆ. ಇಲ್ಲದಿದ್ದರೆ ಅಪ್ಪನಿಗೆ ಗೊತ್ತಾದರೆ ಶಾಲೆ ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಅನ್ನುವ ಭಯದಲ್ಲೇ ಎಲ್ಲ ನುಂಗಿಕೊಳ್ಳುತ್ತಾಳೆ.

ಹುಡುಗರ ಕಥೆ ಇನ್ನೊಂದು ಥರ. ಹುಡುಗ ಅಳಬಾರದು ಅಂತ ಕಲಿಸಿದ್ದೇವೆ. ಅಳು ಸಿಟ್ಟಾಗಿ ಹೊರಗೆ ಬರುತ್ತದೆ. ಬಾಗಿಲು ದಬಾರನೆ ಹಾಕುತ್ತಾನೆ, ಎದುರು ಮಾತಾಡುತ್ತಾನೆ, ಊಟ ಬಿಡುತ್ತಾನೆ. ಅಪ್ಪ ಅದಕ್ಕೆ ಸೊಕ್ಕು ಅನ್ನುತ್ತಾನೆ. ಹದಿಹರೆಯದಲ್ಲಿ ಖಿನ್ನತೆ ಎಷ್ಟೋ ಸಲ ಬೇಜಾರಿಗಿಂತ ಕಿರಿಕಿರಿಯಾಗಿ ಕಾಣಿಸುತ್ತದೆ ಅಂತ ಮನೋವೈದ್ಯರು ಹೇಳುತ್ತಾರೆ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಏರುಪೇರಾದರೆ, ಇಷ್ಟದ ಆಟ ಬಿಟ್ಟರೆ, ಗೆಳೆಯರನ್ನು ದೂರ ಮಾಡಿದರೆ, "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂದರೆ ಅದು ಸೊಕ್ಕಲ್ಲ. ಇದನ್ನು ಅಪ್ಪಂದಿರಿಗೆ ಕೂರಿಸಿ ಹೇಳಲು ಒಂದು ಗಂಟೆ ಸಾಕು. ಪೋಷಕರ ಸಭೆಯಲ್ಲಿ ಅಂಕಪಟ್ಟಿ ಓದುವ ಸಮಯದಲ್ಲಿ ಅರ್ಧ ಇದಕ್ಕೆ ಕೊಡಿ.

ಪರೀಕ್ಷೆ ಹತ್ತಿರ ಬಂದಾಗ ಹತ್ತನೇ ತರಗತಿ ಮಕ್ಕಳ ಮನೆಗೆ ಶಿಕ್ಷಕರು ಹೋಗಿ ನೋಡುವುದು, ನಸುಕಿನಲ್ಲಿ ಫೋನ್ ಮಾಡಿ ಓದಲು ಎಬ್ಬಿಸುವುದು ನಮ್ಮ ಎಷ್ಟೋ ಶಾಲೆಗಳಲ್ಲಿದೆ. ಶಿಕ್ಷಕರ ಶ್ರಮ ದೊಡ್ಡದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೂ ಹೇಳುತ್ತೇನೆ, ಆ ನಸುಕಿನ ಕರೆ ನಿಲ್ಲಿಸಿ. 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ಮಲಗುವ ಕಡೆ ಸರಿಯುತ್ತದೆ, ಅದು ಸೋಮಾರಿತನ ಅಲ್ಲ. ರಾತ್ರಿ ಹನ್ನೊಂದಕ್ಕೆ ಮಲಗಿದ ಮಗುವನ್ನು ನಾಲ್ಕೂವರೆಗೆ ಎಬ್ಬಿಸಿದರೆ ಓದಿದ್ದೂ ತಲೆಗೆ ಹತ್ತುವುದಿಲ್ಲ, ಮನಸ್ಸೂ ಸೋಲುತ್ತದೆ. ಮನೆ ಭೇಟಿ ಇರಲಿ. ಆದರೆ "ಓದ್ತಾನಾ?" ಅನ್ನುವ ಒಂದೇ ಪ್ರಶ್ನೆ ಸಾಲದು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನೆಯಲ್ಲಿ ಯಾರ ಹತ್ತಿರ ಮಾತಾಡ್ತಾನೆ ಅಂತಲೂ ಕೇಳಲಿ. ಆ ಪ್ರಶ್ನೆಯನ್ನು ಅಪ್ಪನ ಎದುರಿಗೇ ಕೇಳಲಿ.

ಎಲ್ಲ ಮಕ್ಕಳಿಗೂ ಅಪ್ಪ ಇರುವುದಿಲ್ಲ. ಇದ್ದರೂ ಹತ್ತಿರ ಹೋಗುವ ಹಾಗೆ ಇರುವುದಿಲ್ಲ. ಕುಡಿದು ಹೊಡೆಯುವ ಅಪ್ಪನ ಜೊತೆ ಮನಸ್ಸು ಬಿಚ್ಚಿ ಮಾತಾಡು ಅಂತ ಮಗುವಿಗೆ ಹೇಳುವುದು ಕ್ರೂರ ಕೆಲಸ. ಅಲ್ಲಿ ಶಾಲೆ ಮಗುವಿನ ಪರ ನಿಲ್ಲಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಆದ್ದರಿಂದ ಕರೆಯೋಲೆಯಲ್ಲಿ 'ತಂದೆ' ಅಂತ ಮಾತ್ರ ಬರೆಯಬೇಡಿ. ಸೋದರಮಾವ, ಅಜ್ಜ, ಚಿಕ್ಕಪ್ಪ, ದೊಡ್ಡ ಅಣ್ಣ, ಮಗುವೇ ಯಾರ ಹೆಸರು ಹೇಳುತ್ತದೋ ಅವರು ಬರಲಿ. ಒಬ್ಬಂಟಿ ತಾಯಿ ಬಂದರೆ ಅವಳಿಗೆ ಮೊದಲ ಕುರ್ಚಿ ಹಾಕಿ.

ಅಪ್ಪಂದಿರ ಮನಸ್ಸನ್ನೂ ಮರೆಯುವಂತಿಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಮಂದಿಯಲ್ಲಿ ಹೆಚ್ಚುಕಡಿಮೆ ಶೇ 72ರಷ್ಟು ಗಂಡಸರು. ಕಸುಬಿನ ಲೆಕ್ಕದಲ್ಲಿ ಎಲ್ಲರಿಗಿಂತ ದೊಡ್ಡ ಗುಂಪು ದಿನಗೂಲಿಯವರದು, ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ. ಸಾಲ, ಬೋರ್‌ವೆಲ್, ಕೊಬ್ಬರಿ ರೇಟು, ಮಗಳ ಮದುವೆ ಅಂತ ಒಳಗೇ ಬೇಯುತ್ತಿರುವ ಮನುಷ್ಯ ಮಗನ ಬೇಜಾರು ಕೇಳಿಸಿಕೊಳ್ಳಲು ಹೇಗೆ ಕೂರುತ್ತಾನೆ? ಶಾಲೆಗೆ ಬಂದ ಅಪ್ಪನಿಗೆ ಆಸ್ಪತ್ರೆಯ ದಾರಿ ತೋರಿಸಿದರೆ ಆ ಮನೆಯ ಮಕ್ಕಳಿಗೂ ಉಪಕಾರ.

ಈ ದಾರಿ ನಮ್ಮ ರಾಜ್ಯದಲ್ಲಿ ಹೊಸದಾಗಿ ಮಾಡಬೇಕಾದದ್ದೇನಲ್ಲ. ಊರಿನ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೂ ಚಿಕಿತ್ಸೆ ಕೊಡಬಹುದು ಅಂತ 1980ರ ದಶಕದಲ್ಲಿ ದೇಶಕ್ಕೆ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಆ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಶಿಬಿರ ನಮ್ಮಲ್ಲಿದೆ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ಸಂಖ್ಯೆ 14416, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಷ್ಟೆಲ್ಲ ಇದ್ದೂ ನನ್ನ ಪರಿಚಯದ ಶಿಕ್ಷಕರಲ್ಲೇ ಎಷ್ಟೋ ಜನಕ್ಕೆ ಮಂಗಳವಾರದ ವಿಷಯ ಗೊತ್ತಿಲ್ಲ. ಆರೋಗ್ಯ ಇಲಾಖೆಯ ಕೆಲಸ ಶಿಕ್ಷಣ ಇಲಾಖೆಗೆ ತಲುಪುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮತ್ತು ತಾಲ್ಲೂಕು ಆರೋಗ್ಯಾಧಿಕಾರಿ ತಿಂಗಳಿಗೊಮ್ಮೆ ಜೊತೆಯಲ್ಲಿ ಕೂತರೆ ಇದು ಸರಿಹೋಗುತ್ತದೆ.

ಇನ್ನು ಕಾನೂನಿನ ಮಾತು. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಗೆ ಸೇರಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು, ಸಹಾಯವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ತರಗತಿ, ಹಾಸ್ಟೆಲ್‌ಗಳಲ್ಲಿ ಬರೆಸಬೇಕು, ಪೋಷಕರಿಗೂ ತಿಳಿವಳಿಕೆ ಕಾರ್ಯಕ್ರಮ ನಡೆಸಬೇಕು ಅಂತ ಅದರಲ್ಲಿದೆ. ಆಪ್ತಸಮಾಲೋಚಕರು ಬಂದ ಮೇಲೆ ಅವರು ಮಗುವಿನ ಜೊತೆ ಮಾತ್ರ ಮಾತಾಡಿದರೆ ಅರ್ಧ ಕೆಲಸ ಆದಂತೆ. ಮಗು ಸಾಯಂಕಾಲ ವಾಪಸ್ಸು ಹೋಗುವುದು ಅದೇ ಮನೆಗೆ. ಆ ಮನೆಯ ಅಪ್ಪನ ಜೊತೆಯೂ ಕೂರುವುದು ಅವರ ಕೆಲಸದ ಪಟ್ಟಿಯಲ್ಲೇ ಇರಲಿ.

ನಿಮ್ಮ ಸಂಪುಟದ ಸಹೋದ್ಯೋಗಿಗಳಿಗೂ ಒಂದು ಮಾತು ಮುಟ್ಟಿಸಿ. ಕೇಂದ್ರ ಸರ್ಕಾರದಲ್ಲಿ ಮಕ್ಕಳ ಆರೈಕೆಗೆಂದು ತಾಯಂದಿರಿಗೆ 730 ದಿನದವರೆಗೆ ರಜೆ ಇದೆ, ಗಂಡಸರಲ್ಲಿ ಒಬ್ಬಂಟಿ ತಂದೆಗೆ ಮಾತ್ರ. ನಮ್ಮ ರಾಜ್ಯ 2021ರಲ್ಲಿ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಕೊಟ್ಟಿತು. ಅದು ಒಳ್ಳೆಯ ಕೆಲಸ, ಕಡಿಮೆ ಮಾಡುವುದು ಬೇಡವೇ ಬೇಡ. ಆದರೆ ಹೆಂಡತಿ ಇರುವ ಅಪ್ಪನಿಗೆ, ಮಗ ಮನಸ್ಸು ಕೆಟ್ಟು ಕೂತಾಗ ಹತ್ತು ದಿನ ಜೊತೆಗಿರಲು ಬೇರೆ ರಜೆ ಯಾಕಿಲ್ಲ? ಸರ್ಕಾರ ಮೊದಲು ತನ್ನ ನೌಕರರಿಗೆ ಕೊಟ್ಟು ತೋರಿಸಲಿ. ಖಾಸಗಿಯವರನ್ನು ಆಮೇಲೆ ಕೇಳಬಹುದು.

ಅಪ್ಪಂದಿರೇ, ನಿಮಗೂ ಎರಡು ಮಾತು. ಎದುರಿಗೆ ಕೂರಿಸಿಕೊಂಡು "ಏನಾಗಿದೆ, ಹೇಳು" ಅಂದರೆ ಈ ವಯಸ್ಸಿನ ಮಕ್ಕಳು ಹೇಳುವುದಿಲ್ಲ. ಬೈಕಿನಲ್ಲಿ ಹಿಂದೆ ಕೂತಾಗ, ತೋಟಕ್ಕೆ ನೀರು ಬಿಡುವಾಗ, ಜೊತೆಯಲ್ಲಿ ಕಾಯಿ ಎಣಿಸುವಾಗ ಮಾತು ತಾನಾಗಿ ಬರುತ್ತದೆ. ಬಂದಾಗ ಬುದ್ಧಿ ಹೇಳಲು ಹೊರಡಬೇಡಿ, ಪೂರ್ತಿ ಕೇಳಿ. ಸಾಯುವ ಮಾತು ಬಂದರೆ ಸುಮ್ನೆ ಆಡ್ತಾನೆ ಅಂತ ಬಿಡಬೇಡಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ ಮಗಾ?" ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಗೆ ಬರಲು ದಾರಿ ಆಗುತ್ತದೆ. ಹೌದು ಅಂದರೆ ಒಬ್ಬನನ್ನೇ ಬಿಡದೆ ಜೊತೆಗಿರಿ, 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸು ಅಂತ ಹೆದರಿ ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ.

ಫಲಿತಾಂಶದ ದಿನ ಆದಷ್ಟು ಮನೆಯಲ್ಲಿರಿ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಅವುಗಳಲ್ಲಿ ಒಳ್ಳೆಯ ಅಂಕ ಯಾವುದೋ ಅದನ್ನೇ ಇಟ್ಟುಕೊಳ್ಳಬಹುದು. ಪಿಯುಸಿಗೂ ಹಾಗೇ. ಇದು ಮಗುವಿಗೆ ಗೊತ್ತಿರುತ್ತದೆ. ನಿಮಗೂ ಗೊತ್ತಿದೆ ಅಂತ ಅದಕ್ಕೆ ಗೊತ್ತಿರಬೇಕು, ಫಲಿತಾಂಶಕ್ಕೆ ಮೊದಲೇ.

ಸಚಿವರೇ, ಫಲಿತಾಂಶದ ಹಿಂದಿನ ದಿನ ಇಲಾಖೆಯಿಂದ ಪ್ರತಿ ಮನೆಗೂ ಒಂದು ಧ್ವನಿ ಸಂದೇಶ ಹೋಗಲಿ, ಅಪ್ಪನ ನಂಬರಿಗೂ ಅಮ್ಮನ ನಂಬರಿಗೂ. ಓದಲು ಬಾರದವರೂ ಕೇಳಿಸಿಕೊಳ್ಳಬಹುದು. ಎರಡನೇ ಪರೀಕ್ಷೆ ಇದೆ, ನಾಳೆ ಮಗುವಿನ ಜೊತೆಗಿರಿ, ಬೇಕಾದರೆ 14416 ಇದೆ ಅಂತ ಮೂರೇ ವಾಕ್ಯ. ಮೇ ಕೊನೆಯಲ್ಲಿ ಶಾಲೆ ತೆರೆಯುವ ಸುತ್ತೋಲೆ ಹೊರಡುತ್ತದಲ್ಲ, ಅದರಲ್ಲೇ ಮೊದಲ ಪೋಷಕರ ಸಭೆಯ ದಿನ, ಹೊತ್ತು ಹೇಗೆ ಗೊತ್ತು ಮಾಡಬೇಕು, ಮೊದಲ ಫೋನ್ ಕರೆ ಯಾರಿಗೆ, ಯಾಕೆ ಅನ್ನುವುದನ್ನೂ ಸೇರಿಸಿ. ಅರಸೀಕೆರೆ, ತಿಪಟೂರು ತಾಲ್ಲೂಕಿನ ಶಾಲೆಗಳಲ್ಲಿ ಆ ಸಭೆಗಳಿಗೆ ಬಂದು ಅಪ್ಪಂದಿರ ಜೊತೆ ಕೂತು ಮಾತಾಡಲು ನನ್ನಂಥ ನಿವೃತ್ತ ಶಿಕ್ಷಕರು ಸಿದ್ಧರಿದ್ದೇವೆ. ಗೌರವಧನ ಬೇಡ, ಬಿಇಒ ಕಚೇರಿಯಿಂದ ಒಂದು ಅನುಮತಿ ಪತ್ರ ಸಾಕು.

ವಿಶ್ವಾಸದಿಂದ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ತಿಪಟೂರು